ಹೋಟೆಲಿನ ರೊಟ್ಟಿ, ನಮ್ಮ ಅತ್ತಿಯ ಲೆಕ್ಕ

“ರೊಕ್ಕಾ ಕೊಟ್ಟು ರೊಟ್ಟಿ ತಿನ್ಲಾಕ ಹೋಗೂದಾ? ಯಾಕ, ನಾ ಸತ್ತೀನೇನು?”

ರವಿವಾರ ರಾತ್ರಿ ನಮ್ಮ ಅತ್ತಿ ಹೀಗೆ ಕೇಳಿದಾಗ ಮನೆಯವರು ಟಿವಿ ಸಪ್ಪಳ ಕಡಿಮೆ ಮಾಡಿ ನನ್ನ ಮಾರಿ ನೋಡಿದರು. ಹೊರಗೆ ಊಟಕ್ಕೆ ಹೋಗೋಣ ಅಂದವರು ಅವರು. ಜವಾಬು ಕೊಡಬೇಕಾದವಳು ನಾನು. ನಮ್ಮ ಮನೆಯಲ್ಲಿ ಈ ಹಂಚಿಕೆ ಮದುವೆಯಾದಾಗಿನಿಂದ ಹೀಗೇ ನಡೆದಿದೆ.

ನಾವಿರುವುದು ಮಹಾರಾಷ್ಟ್ರದ ಸೋಲಾಪುರದಲ್ಲಿ. ಈ ಸಲ ಜನವರಿ 26 ಸೋಮವಾರ ಬಂತು. ಮನೆಯವರ ಟಾವೆಲ್ ಕಾರಖಾನೆಗೆ ಸೂಟಿ, ಮಗಳ ಕಾಲೇಜಿಗೆ ಸೂಟಿ. ನನ್ನಂಥ ಸಾಲಿ ಮಾಸ್ತರತಿಗೆ ಮಾತ್ರ ಅರ್ಧ ಸೂಟಿ, ಬೆಳಿಗ್ಗೆ ಝೆಂಡಾ ಏರಿಸದೆ ಬಿಡುಗಡೆಯಿಲ್ಲ. ಮಗಳಿಗೆ ಪಿಜ್ಜಾ ಬೇಕಿತ್ತು. ಮನೆಯವರಿಗೆ ಸೋಲಾಪುರಿ ಥಾಳಿ ಬೇಕಿತ್ತು. ನಾನು ಥಾಳಿಯ ಕಡೆ ವಾಲಿದೆ. ಪಿಜ್ಜಾ ಅಂಗಡಿಯಲ್ಲಿ ಅತ್ತಿ ನೀರು ಕೂಡ ಕುಡಿಯುವುದಿಲ್ಲ, ಮೂರು ಜನ ತಿನ್ನುವುದನ್ನು ನಾಲ್ಕನೆಯವರು ಸುಮ್ಮನೆ ಕೂತು ನೋಡಿದರೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಥಾಳಿಯಾದರೆ ಕನಿಷ್ಠ ತಪ್ಪು ತೆಗೆದು ಹೆಸರಿಡುವುದಕ್ಕಾದರೂ ತಿನ್ನುತ್ತಾರೆ ಎಂಬ ನಂಬಿಕೆ.

“ಸತ್ತಿಲ್ರಿ ಅತ್ತಿ. ಒಂದಿನ ನೀವು ಕುಂಡ್ರ್ರಿ, ಬ್ಯಾರೇದವ್ರು ಬಡದು ಹಾಕ್ತಾರ,” ಅಂದೆ.

“ಬ್ಯಾರೇದವ್ರ ರೊಟ್ಟಿ ನಾ ನೋಡೀನಿ,” ಅಂದು ಅವರು ಒಳಗೆ ಹೋದರು. ಹೋಗಿ ಡಬ್ಬಿಗೆ ಶೇಂಗಾ ಚಟ್ನಿ ತುಂಬುತ್ತಿದ್ದ ಸಪ್ಪಳ ಕೇಳಿಸಿತು. ಅಂದರೆ ಬರುತ್ತಾರೆ ಅಂತ ಅರ್ಥ. ಹೊರಗೆ ಹೊರಟರೆ ಅವರ ಚೀಲದಲ್ಲಿ ಆ ಸ್ಟೀಲ್ ಡಬ್ಬಿ ಇರಲೇಬೇಕು.

“ನೋಡೀನಿ” ಅನ್ನುವ ಮಾತಿಗೆ ಒಂದು ಹಿನ್ನೆಲೆ ಇದೆ. ನಮ್ಮ ಮಾವ ದುಡಿಯುತ್ತಿದ್ದ ಬಟ್ಟೆ ಮಿಲ್ಲು ತೊಂಬತ್ತರ ದಶಕದಲ್ಲಿ ಬಂದಾಯಿತು. ಮಿಲ್ಲಿನ ಭೋಂಗಾ, ಅಂದರೆ ಸೈರನ್, ಕೇಳಿ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಗಲ್ಲಿಗಳಲ್ಲಿ ಭೋಂಗಾ ನಿಂತದ್ದೇ ಗಂಡಸರು ಮನೆಯಲ್ಲಿ ಕೂತರು, ಹೆಂಗಸರು ಹೊರಗೆ ಬಿದ್ದರು. ನಮ್ಮ ಅತ್ತಿ ಬಾಳಿವೇಸ ಕಡೆಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಹೋದರು. ಹನ್ನೆರಡು ವರ್ಷ. ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ. ಎಡಗೈ ಮಣಿಕಟ್ಟಿನ ಒಳಗೆ ಹಂಚು ತಾಗಿದ ಮೂರು ಕಲೆಗಳು ಇನ್ನೂ ಇವೆ, ಒಂದರ ಕೆಳಗೆ ಒಂದು, ಅಟ್ಟದ ಏಣಿಯ ಮೆಟ್ಟಿಲಿನ ಹಾಗೆ. ಈಗ ಎಪ್ಪತ್ನಾಲ್ಕು ವಯಸ್ಸು, ಮೊಣಕಾಲು ಹಿಡಿದಿವೆ. ಆದರೂ ಮನೆಯಲ್ಲಿ ರೊಟ್ಟಿ ಅವರದೇ. ನನ್ನ ರೊಟ್ಟಿ ಕೈಯಿಂದ ಹಂಚಿಗೆ ಹೋಗುವ ಹೊತ್ತಿಗೆ ಎರಡು ಹೋಳಾಗಿರುತ್ತದೆ. ನಾನು ಹಂಚಿನ ಮುಂದೆ ನಿಂತು ತಿರುವಿ ಹಾಕುವವಳು, ಬಟ್ಟೆ ಒತ್ತುವವಳು, ಅಷ್ಟೇ.

ಸೋಮವಾರ ಬೆಳಿಗ್ಗೆಯದನ್ನು ಬೇಗ ಮುಗಿಸುತ್ತೇನೆ. ಮಂದ್ರೂಪ ಕಡೆಯ ಹಳ್ಳಿಯಲ್ಲಿ ನಮ್ಮದು ಜಿಲ್ಲಾ ಪರಿಷತ್ತಿನ ಕನ್ನಡ ಸಾಲಿ. ಪ್ರಭಾತ ಫೇರಿ, ಝೆಂಡಾ, ರಾಷ್ಟ್ರಗೀತೆ, ಮರಾಠಿಯಲ್ಲಿ ರಾಜ್ಯಗೀತೆ, ಕನ್ನಡದಲ್ಲಿ ಹುಡುಗರ ಭಾಷಣ, ಸರಪಂಚರ ಎರಡು ಮಾತು, ಕೊನೆಗೆ ಎಲ್ಲರಿಗೂ ಜಿಲೇಬಿ. ಐದನೇ ತರಗತಿಯ ಒಬ್ಬ ಹುಡುಗ ಭಾಷಣದ ನಡುವೆ ಮರೆತು ನಿಂತವನು ಜಿಲೇಬಿಯ ಬುಟ್ಟಿ ನೋಡಿದ್ದೇ “ಜೈ ಹಿಂದ್” ಅಂದು ಇಳಿದುಬಿಟ್ಟ. ಒಳ್ಳೆಯ ಭಾಷಣ. ಹನ್ನೊಂದರ ಬಸ್ಸಿಗೆ ನಾನು ವಾಪಸು ಹೊರಟೆ.

ಕಿಟಕಿಯ ಆಚೆ ಉದ್ದಕ್ಕೂ ಹಿಂಗಾರಿ ಜೋಳ. ನಮ್ಮ ಕಡೆ ಜೋಳ ಅಂದರೆ ಮಾಲದಂಡಿಯೇ. ಸಪ್ಟೆಂಬರ್, ಅಕ್ಟೋಬರದಲ್ಲಿ ಬಿತ್ತಿದ್ದು, ಆಮೇಲೆ ಮಳೆಯ ಮಾರಿ ನೋಡದೆ ಎರೆ ನೆಲ ಹಿಡಿದಿಟ್ಟ ಹಸಿಯ ಮೇಲೆ, ಥಂಡಿಯ ಮೇಲೆ ಬೆಳೆಯುತ್ತದೆ. ಜನವರಿ ಕೊನೆಗೆ ತೆನೆಯಲ್ಲಿ ಹಾಲು ಗಟ್ಟಿಯಾಗಿ ಕಾಳು ಇನ್ನೂ ಹಸಿರಿರುತ್ತದೆ. ಅದೇ ಸೀತನಿಯ ಕಾಲ. ಮರಾಠಿಯವರು ಹುರಡಾ ಅನ್ನುತ್ತಾರೆ. ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಯಾರದೋ ಹೊಲದಲ್ಲಿ ಕುಳ್ಳಿನ ಕೆಂಡದ ಮೇಲೆ ತೆನೆ ಸುಡುವ ಮಾತಾಡುತ್ತಿದ್ದರು. ನನಗೆ ಬಾಯಲ್ಲಿ ನೀರು. ಮಂಗಳವೇಢೆಯ ಜೋಳಕ್ಕೆ ಈಗ ಭೌಗೋಳಿಕ ಸೂಚಕದ ಮುದ್ರೆಯೂ ಬಿದ್ದಿದೆ. ಅತ್ತಿಗೆ ಹೇಳಿದರೆ, “ಮುದ್ರಿ ಬೀಳೂ ಮೊದ್ಲ ರುಚಿ ಇರ್ಲಿಲ್ಲೇನು?” ಅನ್ನುತ್ತಾರೆ.

ಸಾತ್ ರಸ್ತಾದ ಹತ್ತಿರದ ಆ ಹೋಟೆಲಿಗೆ ನಾವು ಮುಟ್ಟಿದಾಗ ಒಂದೂವರೆ. ಹೆಸರು ಬರೆಯುವುದಿಲ್ಲ, ಮುಂದೆ ಅವರ ಮೇಲೆ ಒಂದು ತಕರಾರು ಹೇಳುವುದಿದೆ. ಹೊರಗೆ ಪ್ಲಾಸ್ಟಿಕ್ ಖುರ್ಚಿಗಳ ಮೇಲೆ ಅರ್ಧ ಸೋಲಾಪುರ ಕೂತಿತ್ತು. ಅತ್ತಿ ಮೊದಲು ಬೋರ್ಡು ನೋಡಿದರು. “ಶುದ್ಧ ಶಾಕಾಹಾರಿ” ಅಂತ ಇದೆಯೆಂದು ಮೊಮ್ಮಗಳಿಂದ ಎರಡು ಸಲ ಓದಿಸಿಕೊಂಡು ಖಾತ್ರಿ ಮಾಡಿಕೊಂಡರು. ಮುಕ್ಕಾಲು ತಾಸು ಕಾದ ಮೇಲೆ ನಮ್ಮ ಪಾಳಿ ಬಂತು. ಅಷ್ಟರೊಳಗೆ ಅತ್ತಿ ಪಕ್ಕದ ಖುರ್ಚಿಯವರ ಊರು, ಮಕ್ಕಳೆಷ್ಟು, ಸೊಸೆ ಹೇಗೆ, ಎಲ್ಲ ತಿಳಿದುಕೊಂಡಿದ್ದರು.

ನಮ್ಮ ಊರಿನ ಹೋಟೆಲಿನಲ್ಲಿ ಕೂತರೆ ಕಿವಿಗೇ ಒಂದು ಊಟ. ವೇಟರ್ ಮರಾಠಿಯಲ್ಲಿ ಕೇಳಿದ, ನಾನು ಮರಾಠಿಯಲ್ಲಿ ಹೇಳಿದೆ. ಅವನು ತಿರುಗಿ ಒಳಗೆ ತೆಲುಗಿನಲ್ಲಿ ಕೂಗಿದ. ಒಳಗಿನಿಂದ ಒಂದು ಹೆಣ್ಣು ದನಿ ಕನ್ನಡದಲ್ಲಿ, “ತಡಿಯೋ, ಎರಡ ಕೈ ಅದಾವ ನನಗ” ಅಂತು. ಅತ್ತಿಯ ಕಿವಿ ನೆಟ್ಟಗಾಯಿತು.

ನನ್ನ ಮಗಳು “ಆಯಿ, ನೀರು ಕುಡಿ” ಅಂದದ್ದಕ್ಕೆ ವೇಟರ್ ಅತ್ತಿಯನ್ನು ಅವಳ ತಾಯಿ ಅಂತ ತಿಳಿದ. ಮರಾಠಿಯಲ್ಲಿ ಆಯಿ ಅಂದರೆ ತಾಯಿ, ನಮ್ಮ ಮನೆ ಕನ್ನಡದಲ್ಲಿ ಅಜ್ಜಿ. ಹಾಗಾದರೆ ನಾನು ಯಾರು ಅಂತ ಅವನು ಯೋಚಿಸುತ್ತಿದ್ದದ್ದು ಮುಖದ ಮೇಲೆ ಕಂಡಿತು. ಅತ್ತಿ ಅವನನ್ನು ತಿದ್ದಲಿಲ್ಲ. ಖುಷಿಯಾಗಿದ್ದರು.

ಥಾಳಿ ಬಂತು. ಬದನಿಕಾಯಿ ಎಣಗಾಯಿ, ಮಡಕಿ ಕಾಳಿನ ಪಲ್ಯ, ಝುಣಕ, ಹಸಿಮೆಣಸಿನಕಾಯಿ ಖಾರ, ಶೇಂಗಾ ಚಟ್ನಿ, ಮೊಸರು, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ, ಒಂದು ಶೇಂಗಾ ಹೋಳಿಗೆ, ಮೇಲೆ ತುಪ್ಪ. ಪಲ್ಯಗಳ ಬಗ್ಗೆ ಹೇಳುವಂಥದ್ದಿಲ್ಲ, ಎಲ್ಲದರಲ್ಲೂ ಎಣ್ಣೆ ಒಂದು ಬೆರಳು ಹೆಚ್ಚು, ಅಷ್ಟೇ. ಹೋಳಿಗೆ ಚೆನ್ನಾಗಿತ್ತು. ಶೇಂಗಾ ಚಟ್ನಿಯನ್ನು ಅತ್ತಿ ಬೆರಳ ತುದಿಗೆ ಹಚ್ಚಿ ನೆಕ್ಕಿ, ಮಾತಿಲ್ಲದೆ ತಮ್ಮ ಚೀಲದ ಡಬ್ಬಿ ತೆಗೆದು ನಾಲ್ಕೂ ತಾಟಿಗೆ ಬಡಿಸಿದರು. ಸೋಲಾಪುರದ ಚಟ್ನಿಯನ್ನು ಒರಳಲ್ಲಿ ಕುಟ್ಟಬೇಕು, ಕುಟ್ಟುತ್ತಾ ಹೋದಂತೆ ಶೇಂಗಾದ ಎಣ್ಣೆ ತಾನಾಗಿ ಬಿಟ್ಟು ಚಟ್ನಿ ಮುದ್ದೆಗಟ್ಟಬೇಕು. ಮಿಕ್ಸರಿಗೆ ಹಾಕಿದ್ದು ಉಸುಕಾಗುತ್ತದೆ. ಹೋಟೆಲಿನದು ಉಸುಕು.

ಆಮೇಲೆ ರೊಟ್ಟಿ ಬಂತು. ಬೋರ್ಡಿನಲ್ಲಿ ಇದರ ಮರಾಠಿ ಹೆಸರು, ಭಾಕರಿ. ಹಂಚಿನಿಂದ ನೇರ ಇಳಿದದ್ದು, ಹೊಟ್ಟೆ ಉಬ್ಬಿ ನಿಂತಿತ್ತು.

ಅತ್ತಿ ಅದನ್ನು ಬಾಯಿಗಿಡಲಿಲ್ಲ. ಎರಡೂ ಕೈಯ ಬೆರಳ ತುದಿಯಲ್ಲಿ ಎತ್ತಿ ಮೊದಲು ಅಂಚು ನೋಡಿದರು. ಸುತ್ತ ತಿರುಗಿಸಿದರು. ಒಂದು ಕಡೆ ಅಂಚು ಕೂದಲೆಳೆಯಷ್ಟು ಸೀಳಿತ್ತು, ಅಲ್ಲಿ ಬೆರಳು ನಿಲ್ಲಿಸಿ ನನಗೆ ತೋರಿಸಿದರು. ಮಗುಚಿ ತಳ ನೋಡಿದರು. ಹೆಬ್ಬೆರಳಿನಿಂದ ನಡುವೆ ಒತ್ತಿದಾಗ ಬದಿಯಿಂದ ಉಗಿ ಹೊರಬಿತ್ತು, ಅದಕ್ಕೆ ಮುಖವೊಡ್ಡಿ ವಾಸನೆ ನೋಡಿದರು. ಮೇಲಿನ ತೆಳು ಪದರನ್ನು ಉಗುರಿನಿಂದ ಎಬ್ಬಿಸಿ, ಅದು ಹರಿಯದೆ ಎಷ್ಟು ದೂರ ಬರುತ್ತದೆ ಅಂತ ಎಳೆದರು. ಅರ್ಧದವರೆಗೆ ಬಂತು. ನಮ್ಮ ಮೂವರ ತುತ್ತು ಅಲ್ಲೇ ನಿಂತಿತ್ತು.

“ಎಸರು ಆರಿಸ್ಯಾಳ,” ಅಂದರು. “ಹಿಟ್ಟು ಛಲೋ ಅದ. ಕೈನೂ ಅದ ಆಕಿಗಿ. ಆದ್ರ ಎಸರು ಆರಿಸ್ಯಾಳ.”

ಇದನ್ನು ತಿಳಿಯದವರಿಗೆ ಹೇಳಬೇಕು. ಗೋಧಿ ಹಿಟ್ಟಿನ ಹಾಗೆ ಜೋಳದ ಹಿಟ್ಟಿಗೆ ತನ್ನದೇ ಜಿಗಿ ಇಲ್ಲ, ಎಷ್ಟು ನಾದಿದರೂ ತಣ್ಣೀರಲ್ಲಿ ಅದು ಹಿಡಿದು ನಿಲ್ಲುವುದಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿಯುವುದು. ಎಸರು ಮರಳುತ್ತಿರುವಾಗಲೇ ಹಿಟ್ಟಿಗೆ ಹಾಕಬೇಕು, ಕೈ ಸುಟ್ಟರೂ ಬಿಸಿಯಲ್ಲೇ ನಾದಬೇಕು. ಹೋಟೆಲಿನಲ್ಲಿ ಗದ್ದಲದ ಹೊತ್ತಿಗೆ ಒಂದೇ ಸಲ ದೊಡ್ಡ ಉಂಡೆ ಕಲಸಿಟ್ಟರೆ ಕೊನೆಯ ರೊಟ್ಟಿಗೆ ಬರುವಷ್ಟರಲ್ಲಿ ಅದು ತಣ್ಣಗಾಗಿ ಅಂಚು ಸೀಳುತ್ತದೆ. ಆಮೇಲೆ ಬಡಿಯುವ ಕೈಗೆ ಕೆಟ್ಟ ಹೆಸರು ಬರುತ್ತದೆ.

ಇಷ್ಟೆಲ್ಲ ತೀರ್ಪು ಕೊಟ್ಟ ಮೇಲೆ ಅತ್ತಿ ಮುರಿದು ತಿಂದರು. ಒಂದು ಮುಗಿಯಿತು. ಎರಡನೆಯದು ಬಿಸಿ ಇದೆಯೇ ಅಂತ ಮೊದಲೇ ಕೇಳಿ ತರಿಸಿಕೊಂಡರು. ಮೂರನೆಯದಕ್ಕೆ ತಾವೇ ಕೈ ಎತ್ತಿ ವೇಟರನನ್ನು ಕರೆದರು. ಮನೆಯಲ್ಲಿ ಅವರದು ಒಂದೂವರೆ ರೊಟ್ಟಿಯ ಊಟ, ಅದೂ ನಾವೆಲ್ಲ ಎದ್ದ ಮೇಲೆ, ಬುಟ್ಟಿಯ ತಳದಲ್ಲಿ ಉಳಿದದ್ದು. ನಾನು ಮನೆಯವರ ಕಡೆ ನೋಡಿದೆ, ಅವರು ಉಳ್ಳಾಗಡ್ಡಿ ನೋಡುತ್ತಿದ್ದರು.

ಊಟವಾದ ಮೇಲೆ “ಕೈ ತೊಳಕೊಂಡು ಬರ್ತೀನಿ” ಅಂತ ಹೋದವರು ಹತ್ತು ನಿಮಿಷವಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಅಡಿಗೆಮನೆ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಾರೆ. ಒಳಗೆ ಮೂವತ್ತೈದರ ಒಬ್ಬ ಹೆಣ್ಣುಮಗಳು ಪರಾತದಲ್ಲಿ ಬಡಿಯುತ್ತಾ ಬಡಿಯುತ್ತಾ ಮಾತಿಗೆ ಜವಾಬು ಕೊಡುತ್ತಿದ್ದಾಳೆ.

“ಯಾವೂರಾಕಿ ನೀ?”

“ದುಧನಿ ಕಡ್ಯಾಕ್ರಿ ಅವ್ವಾರ.”

“ದಿನಾ ಎಷ್ಟು ಬಡೀತಿ?”

“ಲೆಕ್ಕ ಇಡೂದಿಲ್ರೀ. ಇನ್ನೂರೈವತ್ತು ಆಗ್ತಾವ. ಇವತ್ತ ಸೂಟಿ, ಇನ್ನೂ ಹೆಚ್ಚ.”

“ಏನ್ ಕೊಡ್ತಾರ?”

ಆಕೆ ಗಲ್ಲಾಪೆಟ್ಟಿಗೆಯ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ, “ನಾನೂರ್ರಿ ದಿನಕ್ಕ” ಅಂದಳು. ಅತ್ತಿ ತಲೆ ಅಲ್ಲಾಡಿಸಿದರು. ಎಸರಿನ ಮಾತು ಎತ್ತುತ್ತಾರೆ ಅಂತ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಎತ್ತಲಿಲ್ಲ. “ಅಂಗೈಗಿ ರಾತ್ರಿ ಬೆಣ್ಣಿ ತಿಕ್ಕೊಂಡು ಮಲಗು” ಅಂದು ಬಂದುಬಿಟ್ಟರು.

ಇನ್ನು ತಕರಾರು. ಬಿಲ್ಲಿನಲ್ಲಿ ಥಾಳಿಯ ಜತೆ ಏಳು ಭಾಕರಿ ಬೇರೆ ಹಾಕಿದ್ದರು, ಒಂದಕ್ಕೆ 30 ರೂಪಾಯಿ. “ಅನ್‌ಲಿಮಿಟೆಡ್” ಅಂತ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆದದ್ದು ಪಲ್ಯಕ್ಕೆ ಮಾತ್ರವಂತೆ. ತಾಟಿಗೆ ಎರಡು ಭಾಕರಿ, ಮುಂದಿನದಕ್ಕೆ ರೊಕ್ಕ ಅಂತ ಮೆನುವಿನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು. ಮನೆಯವರು ವಾದ ಮಾಡಲು ಹೋಗಿ, ಮರಾಠಿಯಲ್ಲಿ ಶುರು ಮಾಡಿ, ಸಿಟ್ಟು ಬಂದಾಗ ಕನ್ನಡಕ್ಕೆ ಜಾರಿ, ಕೊನೆಗೆ 210 ರೂಪಾಯಿ ಕೊಟ್ಟೇ ಬಂದರು. ತಪ್ಪು ನಮ್ಮದೂ ಇದೆ, ಓದಬೇಕಿತ್ತು. ಆದರೆ ಸೋಲಾಪುರದಲ್ಲಿ ರೊಟ್ಟಿ ಎಣಿಸಿ ಹಾಕುವುದು, ಅನ್ನಕ್ಕೆ ನೀರು ಎಣಿಸಿ ಕೊಟ್ಟ ಹಾಗೆ. ನನಗೆ ಇನ್ನೂ ಹೊಟ್ಟೆಯಲ್ಲಿ ಉರಿಯಿದೆ. ಅತ್ತಿ ಮಾತ್ರ “ಒಂದಕ್ಕ ಮೂವತ್ತಾ?” ಅಂತ ಒಮ್ಮೆ ಕೇಳಿ, ಆಮೇಲೆ ಏನೂ ಅನ್ನಲಿಲ್ಲ. ಮಗಳ ತಾಟಿನಲ್ಲಿ ಉಳಿದಿದ್ದ ಅರ್ಧ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ರಿಕ್ಷಾ ಹಿಡಿದು ಪಾರ್ಕ್ ಚೌಕಿಗೆ ಬಂದೆವು. ಮೇ ತಿಂಗಳಲ್ಲಿ ನಲವತ್ತೆರಡು ಡಿಗ್ರಿ ದಾಟುವ ನಮ್ಮ ಊರಿಗೆ ವರ್ಷದಲ್ಲಿ ಮಧ್ಯಾಹ್ನ ಮೂರಕ್ಕೆ ಬಾಗಿಗೆ, ಅಂದರೆ ಉದ್ಯಾನಕ್ಕೆ, ಹೋಗುವ ಭಾಗ್ಯ ಎರಡೇ ತಿಂಗಳು. ಆ ಎರಡು ತಿಂಗಳ ಬಿಸಿಲು ಬೆನ್ನಿಗೆ ಹಿತವಾಗಿರುತ್ತದೆ. ದಾರಿಯಲ್ಲಿ ನಾಲ್ಕು ಹುತಾತ್ಮರ ಪುತ್ಥಳಿಗಳ ಕೊರಳಲ್ಲಿ ಬೆಳಗಿನ ಹಾರ ಇನ್ನೂ ಬಾಡಿರಲಿಲ್ಲ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿಗೆ ಮಿಲ್ಲಿನ ಮಂದಿ ಬೀದಿಗಿಳಿದು, ಕೆಲವು ದಿನ ಈ ಊರಿನಲ್ಲಿ ಬ್ರಿಟಿಷ್ ಸರಕಾರ ಅನ್ನುವುದೇ ಇರಲಿಲ್ಲ. ಆಮೇಲೆ ಮಾರ್ಶಲ್ ಲಾ ಬಂತು. ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಬೆಳಿಗ್ಗೆ ಸಾಲಿಯಲ್ಲಿ ನಾನು ಇದನ್ನೇ ಹೇಳಿ ಬಂದಿದ್ದೆ. ನಾಲ್ಕು ಹೆಸರು, ನಾಲ್ಕು ಬೇರೆ ಬೇರೆ ಮನೆಯ ಹುಡುಗರು. ನಮ್ಮ ಮಕ್ಕಳಿಗೆ ಸ್ವಾತಂತ್ರ್ಯ ಅಂದರೆ ದಿಲ್ಲಿಯಲ್ಲಿ ನಡೆದದ್ದು ಅಂತಲೇ ಅನಿಸಿರುತ್ತದೆ. ಸೋಲಾಪುರದಲ್ಲೇ ನಡೆದದ್ದು, ಬಸ್ಸಿನಲ್ಲಿ ಒಂದು ತಾಸಿನ ದಾರಿ ಅಂದಾಗ ಕಣ್ಣು ದೊಡ್ಡದಾಗುತ್ತವೆ.

ಹುತಾತ್ಮಾ ಬಾಗ್ ಕೋಟೆಯ ಮಗ್ಗುಲಲ್ಲೇ ಇದೆ. ಒಂದು ಕಡೆ ಕೋಟೆಯ ಕರಿ ಕಲ್ಲಿನ ಗೋಡೆ, ಬುರುಜು, ಇನ್ನೊಂದು ಕಡೆ ಐಸ್‌ಕ್ರೀಮ್ ಗಾಡಿ. ಬೇವಿನ ನೆರಳು ನೋಡಿ ಮನೆಯವರು ಚಾದರ ಹಾಸಿದರು. ಅವರು ಟಾವೆಲಿನ ಮನುಷ್ಯ, ಆದರೆ ಚಾದರ ಹಾಸುವಾಗಲೂ ಒಂದು ಪಾಠ ಆಗಲೇಬೇಕು. ಮೂಲೆ ಮಗುಚಿ ಮಗಳಿಗೆ ತೋರಿಸುತ್ತಾರೆ: ಮೇಲೆ ಕೆಂಪು ನೆಲದಲ್ಲಿ ಬಿಳಿ ನವಿಲಿದ್ದರೆ ಕೆಳಗೆ ಬಿಳಿ ನೆಲದಲ್ಲಿ ಕೆಂಪು ನವಿಲು. ಜಕಾರ್ಡ್ ಮಗ್ಗದಲ್ಲಿ ಎರಡು ಪದರು ಒಟ್ಟಿಗೆ ನೇಯ್ದು, ಬಣ್ಣ ಅದಲುಬದಲಾಗಿ ಬರುವುದು ಸೋಲಾಪುರಿ ಚಾದರದ ಗುರುತು. ಮಗಳು ಈ ಪಾಠವನ್ನು ಹುಟ್ಟಿದಾಗಿನಿಂದ ಕೇಳಿದ್ದಾಳೆ. “ಹೂಂ ಪಪ್ಪಾ” ಅಂದು ಫೋನು ತೆಗೆದಳು.

ಅತ್ತಿ ಚಾದರದ ಅಂಚಿಗೆ ಕೂತು ಮೊಣಕಾಲು ನೀವಿಕೊಳ್ಳುತ್ತಾ, “ಏನವಾ, ಇಲ್ಲಿ ಬಂದು ಏನು ಮಾಡೂದು?” ಅಂದರು.

“ಏನೂ ಮಾಡೂದಿಲ್ರಿ. ಸುಮ್ಮ ಕುಂಡ್ರೂದು.”

“ಸುಮ್ಮ ಕುಂಡ್ರಾಕ ರಿಕ್ಷಾ ಮಾಡ್ಕೊಂಡು ಬರಬೇಕೇನು?”

ಇದಕ್ಕೂ ನನ್ನಲ್ಲಿ ಜವಾಬಿರಲಿಲ್ಲ. ಚೀಲ ತಲೆಗಿಟ್ಟುಕೊಂಡು ಅಡ್ಡಾದರು. ಐದು ನಿಮಿಷದಲ್ಲಿ ಗೊರಕೆ. ಮಧ್ಯಾಹ್ನ ಮಲಗಿದರೆ ಮನೆಗೆ ದರಿದ್ರ ಅಂತ ನನ್ನನ್ನು ಹದಿನೆಂಟು ವರ್ಷ ಕೂಡ್ರಿಸಿದವರು! ಮೂರು ರೊಟ್ಟಿಯ ನಿದ್ದೆ ಅದು. ಸೆರಗು ಮುಖದ ಮೇಲೆ, ಎಡಗೈ ಹೊರಗೆ, ಹುಲ್ಲಿನ ಮೇಲೆ ಅಂಗೈ ಮೇಲ್ಮುಖವಾಗಿ ಬಿಚ್ಚಿ ಬಿದ್ದಿತ್ತು. ಪಕ್ಕದ ಮನೆತನದವರ ಒಂದು ಚೆಂಡು ಉರುಳಿ ಬಂದು ಆ ಕೈಗೆ ತಾಗಿ ನಿಂತಿತು, ಬೆರಳು ತಾವಾಗಿ ಅದನ್ನು ಹಿಡಿದವು. ಚೆಂಡಿನ ಒಡೆಯ ಮೂರು ವರ್ಷದವನು ಬಂದು ಅಲ್ಲೇ ನಿಂತ. ಮೆಲ್ಲಗೆ ಬೆರಳು ಬಿಡಿಸಿ ಕೊಟ್ಟೆ.

ಮಗಳನ್ನು ಕಾವಲಿಗೆ ಬಿಟ್ಟು ನಾವಿಬ್ಬರು ಒಂದು ಸುತ್ತು ಹೊರಟೆವು. ಕಾಲೇಜು ಹುಡುಗರು, ಹುರಿದ ಶೇಂಗಾ ಮಾರುವವನು, ಸೂಟಿ ಸಿಕ್ಕ ಪೊಲೀಸರೊಬ್ಬರು ಮಡದಿಯ ಪರ್ಸು ಹಿಡಿದುಕೊಂಡು ನಿಂತದ್ದು. ಕೋಟೆ ಬಹಮನಿ ಕಾಲದ್ದು, ಸುತ್ತ ಖಂದಕ, ಒಂದರೊಳಗೆ ಒಂದು ಎರಡು ಗೋಡೆ. ನಮ್ಮ ನಿಶ್ಚಿತಾರ್ಥ ಆದ ಮೇಲೆ ಮನೆಯವರು ನನ್ನನ್ನು ಮೊದಲ ಸಲ ಕರೆದುಕೊಂಡು ಬಂದದ್ದು ಇಲ್ಲಿಗೇ, ಜತೆಗೆ ನನ್ನ ತಮ್ಮ, ಅವರ ತಂಗಿ, ಅವರ ತಂಗಿಯ ಎರಡು ಮಕ್ಕಳು. ಅವತ್ತು ಅವರು ಆಡಿದ ಒಂದೇ ಮಾತು, “ಭೇಳ ತಿಂತೀರೇನು?” ಇವತ್ತೂ ಅದನ್ನೇ ಕೇಳಿದರು. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ತಿಂದೆ.

ನಡೆಯುತ್ತಾ ನಾನು ಒಂದು ಕೆಲಸ ಮಾಡುತ್ತೇನೆ, ಮನೆಯವರಿಗೆ ಅದು ನಾಚಿಕೆ. ಪ್ರತಿ 26 ಜನವರಿಗೆ, 15 ಆಗಸ್ಟಿಗೆ ಸಂಜೆ ದಾರಿಯಲ್ಲಿ ಬಿದ್ದ ಸಣ್ಣ ಸಣ್ಣ ಝೆಂಡಾ ಆರಿಸುವುದು. ಸಾಲಿಯಲ್ಲಿ ಹುಡುಗರಿಗೆ ಹೇಳುತ್ತೇನೆ, ಹೇಳಿದ ಮೇಲೆ ನಾನೇ ತುಳಿದು ಹೋಗುವುದು ಹೇಗೆ? ಬಾಗಿನ ಒಂದು ಸುತ್ತಿನಲ್ಲಿ ಹನ್ನೊಂದು ಸಿಕ್ಕವು. ಒಂಬತ್ತು ಕಾಗದದವು, ಎರಡು ಪ್ಲಾಸ್ಟಿಕ್. ಒಂದಕ್ಕೆ ಐಸ್‌ಕ್ರೀಮ್ ಹತ್ತಿತ್ತು, ಅದನ್ನು ನಳದ ಕೆಳಗೆ ತೊಳೆದೆ.

ನಾಲ್ಕೂವರೆಗೆ ಅತ್ತಿ ಎದ್ದರು. ಎದ್ದದ್ದು ಹೋಮ್ ಮೈದಾನದ ಸ್ಪೀಕರಿನ ಸಪ್ಪಳಕ್ಕೆ. ಅಲ್ಲಿ ನಡೆಯುವ ಸಿದ್ಧರಾಮನ ಗಡ್ಡಾ ಜಾತ್ರೆಯ ಮುಖ್ಯ ದಿನಗಳು ಸಂಕ್ರಾಂತಿಗೇ ಮುಗಿದರೂ ಪಾಳಣಿ (ದೊಡ್ಡ ತಿರುಗುವ ಚಕ್ರದ ತೊಟ್ಟಿಲು), ಅಂಗಡಿ, ಬೈಕ್ ಓಡಿಸುವ ಮೌತ್ ಕಾ ಕುಆಂ ಇನ್ನೂ ಜಾಗ ಬಿಟ್ಟು ಎದ್ದಿರಲಿಲ್ಲ. “ನಾ ಮಲಗಿದ್ದಿಲ್ಲ, ಕಣ್ಣು ಮುಚ್ಚಿದ್ದೆ,” ಅಂದರು. ಯಾರೂ ಏನೂ ಅನ್ನಲಿಲ್ಲ.

ಜಾತ್ರೆಯ ಬಗ್ಗೆ ಹೊರಗಿನವರಿಗೆ ಎರಡು ಮಾತು. ಏಳು ನಂದಿಧ್ವಜಗಳು, ಆಳೆತ್ತರದ ಎಷ್ಟೋ ಪಟ್ಟು ಉದ್ದದ ಕೋಲುಗಳು, ಬಿಳಿ ಬಾರಾಬಂದಿ ತೊಟ್ಟವರ ಸೊಂಟದ ಮೇಲೆ ಊರು ಸುತ್ತುತ್ತವೆ. ಸಿದ್ಧರಾಮ ಊರಿನ ಸುತ್ತ ಸ್ಥಾಪಿಸಿದ 68 ಲಿಂಗಗಳಿಗೆ ಎಣ್ಣೆ ಮಜ್ಜನ. ಮರುದಿನ ಅಕ್ಷತೆ, ಅಂದರೆ ಲಗ್ನ. ಯಾರ ಲಗ್ನ? ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಳಂತೆ. ಆತ ಯೋಗಿ, ಒಲ್ಲೆ ಅಂದ. ಕೊನೆಗೆ ತನ್ನ ಯೋಗದಂಡದ ಜತೆ ಲಗ್ನವಾಗಲು ಒಪ್ಪಿಗೆ ಕೊಟ್ಟ. ಎಲ್ಲರೂ ಇದನ್ನು ಸಿದ್ಧರಾಮನ ವೈರಾಗ್ಯದ ಕಥೆಯಾಗಿ ಹೇಳುತ್ತಾರೆ. ಅತ್ತಿ ಹೇಳುವ ರೀತಿ ಬೇರೆ. ಪಾಳಣಿಯ ಕೆಳಗೆ ಮೊಮ್ಮಗಳಿಗಾಗಿ ಕಾಯುತ್ತಾ ಅವರು ಅಂದರು, “ಕುಂಬಾರ ಹುಡಿಗಿ ಗಟ್ಟಿ. ಒಲ್ಲೆ ಅಂದವ್ನ ಕೋಲರೇ ಇಸಗೊಂಡ್ಳಲ್ಲ.”

ಮಗಳು ಪಾಳಣಿಯ ಮೇಲಿನಿಂದ ಕೂಗುತ್ತಿದ್ದಳು. ಇಳಿದು ಬಂದವಳು, “ಆಯಿ, ಮ್ಯಾಲಿಂದ ಕೆರಿ, ಗುಡಿ, ಕೋಟಿ ಎಲ್ಲಾ ಒಮ್ಮೆಲೆ ಕಾಣ್ತದ” ಅಂದಳು. ಈ ಊರಿಗೆ ಹನ್ನೆರಡನೇ ಶತಮಾನದಲ್ಲಿ ಸೊನ್ನಲಿಗೆ ಅಂತ ಹೆಸರಿದ್ದಾಗ ಸಿದ್ಧರಾಮ ಜನರನ್ನು ಕೂಡಿಸಿಕೊಂಡು ತೋಡಿಸಿದ ಕೆರೆ ಅದು. ಕನ್ನಡದಲ್ಲಿ ಕಪಿಲಸಿದ್ಧ ಮಲ್ಲಿಕಾರ್ಜುನ ಅಂತ ಅಂಕಿತ ಹಾಕಿ ವಚನ ಬರೆದವನು ಮಣ್ಣು ಹೊರಿಸಿದ್ದೂ ಇಲ್ಲೇ. ಸಂಜೆ ಗುಡಿಗೆ ನಡೆದಾಗ ನೀರಿನ ಮೇಲೆ ಬಿಸಿಲು ಹಳದಿಯಾಗಿತ್ತು. ಸಾಲು ಉದ್ದವಿತ್ತು, ಗದ್ದುಗೆಗೆ ದೂರದಿಂದಲೇ ಕೈ ಮುಗಿದೆವು. ಮುಂದಿದ್ದವರು ಮರಾಠಿಯಲ್ಲಿ ಬೇಡಿಕೊಂಡರು, ಹಿಂದಿದ್ದವರು ತೆಲುಗಿನಲ್ಲಿ. ಅತ್ತಿ ಏನು ಬೇಡಿಕೊಂಡರೋ, ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಬಹಳ ಹೊತ್ತು ಅಲ್ಲಾಡಿತು.

ವಾಪಸು ರಿಕ್ಷಾದಲ್ಲಿ ನಾಲ್ವರೂ ಇಕ್ಕಟ್ಟಾಗಿ ಕೂತಿದ್ದೆವು. ವಿಜಾಪುರ ರೋಡಿನ ಗದ್ದಲ. ಅತ್ತಿ ಗುಡಿಯಿಂದಲೂ ಮಾತಾಡಿರಲಿಲ್ಲ. ದಣಿದಿದ್ದಾರೆ ಅಂದುಕೊಂಡಿದ್ದೆ.

“ಏ ಖೋಡಿ, ಆ ಫೋನಿನ್ಯಾಗ ಲೆಕ್ಕಾ ಹಾಕು,” ಅಂತ ಮೊಮ್ಮಗಳ ಮಂಡಿ ತಟ್ಟಿದರು. “ಇನ್ನೂರೈವತ್ತು ರೊಟ್ಟಿ. ಮೂವತ್ತರಂಗ.”

“ಏಳೂವರೆ ಸಾವಿರ, ಆಯಿ.”

“ಅದ್ರಾಗ ನಾನೂರು ಆಕಿದು.”

“ಏಳು ಸಾವಿರದ ನೂರು ಉಳೀತು.”

“ಹಿಟ್ಟು ಎಷ್ಟು ಹಿಡದಿ? ಗ್ಯಾಸು?” ಅಂತ ಮನೆಯವರು ನಡುವೆ ಬಾಯಿ ಹಾಕಿದರು. ಥಾಳಿಯ ಜತೆ ಬರುವ ಎರಡು ಭಾಕರಿಗೆ ಬೇರೆ ದರ ಇಲ್ಲ, ಜಾಗದ ಭಾಡಿಗೆ ಇದೆ, ವೇಟರ್ ಪಗಾರ ಇದೆ, ಹಾಗೆಲ್ಲ ಲೆಕ್ಕ ಹಾಕಲು ಬರುವುದಿಲ್ಲ ಅಂತ ಶುರು ಮಾಡಿದರು. ಅತ್ತಿ ಅವರ ಕಡೆ ನೋಡಲಿಲ್ಲ. ಮುಂದೆ ರಿಕ್ಷಾದವನ ಕನ್ನಡಿಯಲ್ಲಿ ನೋಡುತ್ತಾ, “ನನಗ ರೊಟ್ಟಿಗಿ ಎಂಟಾಣೆ ಬೀಳ್ತಿತ್ತು,” ಅಂದರು. ಆಮೇಲೆ ಮತ್ತೆ ಸುಮ್ಮನಾದರು.

ಮನೆಗೆ ಬಂದು ದೀಪ ಹಚ್ಚಿ, ಚೀಲ ಬರಿದು ಮಾಡುವಾಗ ಕಾಗದದ ಸುರುಳಿಯಿಂದ ಹೋಟೆಲಿನ ಅರ್ಧ ರೊಟ್ಟಿ ಹೊರಬಂತು. ಕಡಕ್ಕಾಗಿತ್ತು. ಅತ್ತಿ ಅದನ್ನು ಮುರಿದು ಸಪ್ಪಳ ಕೇಳಿದರು. “ತಡೀತದ,” ಅಂದು ಡಬ್ಬಿಗೆ ಹಾಕಿದರು. ನಾನು ಪರ್ಸಿನಿಂದ ಝೆಂಡಾಗಳನ್ನು ತೆಗೆದು ಒಣಗಲು ಟೇಬಲ್ಲಿನ ಮೇಲೆ ಸಾಲಾಗಿ ಇಡುತ್ತಿದ್ದೆ.

“ನಾಳಿ ಸಾಲಿ ಅದ ಹೌದಲ್ಲ ನಿಂದು?”

“ಹೌದ್ರಿ ಅತ್ತಿ.”

“ಡಬ್ಬಿಗಿ ಎಷ್ಟು ರೊಟ್ಟಿ ಒಯ್ತಿ?”

“ಎರಡ್ರಿ.”

ಅವರು ಅಂಗೈ ಚಾಚಿದರು.

“ಅರವತ್ತು ರೂಪಾಯಿ ತೆಗಿ.”